ಐಸು ಬೆವರುವ ತನಕ

ನಮ್ಮ ಮನೆಯ ಮೊಸರಿಗೆ ಚಮಚ ಸಾಲದು, ಚಾಕು ಬೇಕು. ಮದುವೆಯಾದ ಹೊಸತರಲ್ಲಿ ಇದು ಫ್ರಿಜ್ಜಿನ ರೋಗ ಎಂದುಕೊಂಡು ರಿಪೇರಿಯವನನ್ನು ಕರೆಸಿದ್ದೆ. ಅವನು ಹಿಂದೆ ಮುಂದೆ ಬಗ್ಗಿ ನೋಡಿ, ಒಳಗಿನ ಗುಂಡಿಯನ್ನು ತೋರಿಸಿ, "ಅಮ್ಮ, ಫ್ರಿಜ್ಜಿಗೆ ಏನೂ ಆಗಿಲ್ಲ. ಯಾರೋ ಇದನ್ನ ಕೊನೇ ಗೆರೆಗೆ ತಿರುಗಿಸಿ ಇಟ್ಟಿದಾರೆ" ಎಂದ. ಆ ಯಾರೋ ಯಾರು ಎಂದು ಪತ್ತೆ ಮಾಡುವುದಕ್ಕೆ ಪೊಲೀಸರು ಬೇಕಾಗಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಸ್ವೆಟರ್ ತೊಟ್ಟು ನಿಂತಿದ್ದರು. ಬೇಸಿಗೆ. ರಿಪೇರಿಯವನ ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿಕೊಂಡಿತ್ತು, ಇವರು ಕೊರಳವರೆಗೆ ಗುಂಡಿ ಹಾಕಿಕೊಂಡು ಅವನನ್ನೇ ಅನುಮಾನದಿಂದ ನೋಡುತ್ತಿದ್ದರು.

ಇವರು, ಅಂದರೆ ನನ್ನ ಯಜಮಾನರು, ಜಿಲ್ಲೆಯ ಲಸಿಕೆ ಉಗ್ರಾಣದ ಉಸ್ತುವಾರಿ. ಮಕ್ಕಳ ಬಾಯಿಗೆ ಹಾಕುವ ಪೋಲಿಯೊ ಹನಿಯ ಸೀಸೆಗಳು ಎಲ್ಲಿಂದಲೋ ಲಾರಿಯಲ್ಲಿ ಬಂದು ಮೊದಲು ಇವರ ಕೈ ಸೇರುತ್ತವೆ. ಅವುಗಳನ್ನು ಕೋಣೆಯಷ್ಟು ದೊಡ್ಡ ಫ್ರೀಜರಿನಲ್ಲಿ ಕಾಪಾಡಿ, ಬೇಕಾದಾಗ ಐಸ್ ಪ್ಯಾಕ್ ಹಾಕಿದ ಪೆಟ್ಟಿಗೆಗೆ ತುಂಬಿ ಆಸ್ಪತ್ರೆಗಳಿಗೆ ಕಳಿಸುವುದು ಇವರ ಕೆಲಸ. ಹನಿ ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದು. ಗಟ್ಟಿಯಾಗಿ ಕಲ್ಲಾದರೂ ಅಡ್ಡಿಯಿಲ್ಲ, ಬಿಸಿ ತಾಗಿದರೆ ಮಾತ್ರ ಕೆಟ್ಟಿತು. ಜೀವನದಲ್ಲಿ ಇವರು ನಂಬಿದ್ದು ಇದೊಂದನ್ನೇ. ಹಾಗೆ ನಂಬಿದ್ದನ್ನು ಆಫೀಸಿನಲ್ಲೇ ಬಿಟ್ಟು ಬರುವ ಜಾಯಮಾನ ಇವರದಲ್ಲ. ಬದನೆಕಾಯಿಗೂ ಅದೇ ನ್ಯಾಯ, ಹಾಲಿಗೂ ಅದೇ ನ್ಯಾಯ. ಆಫೀಸಿನಲ್ಲಿ ಎಲ್ಲರೂ ಇವರನ್ನು ಫ್ರೀಜರಣ್ಣ ಎನ್ನುತ್ತಾರೆ. ಎದುರಿಗೇ ಎನ್ನುತ್ತಾರೆ, ಇವರಿಗೆ ಖುಷಿ.

ಇವರ ಹೆಸರು ಹಬ್ಬಿದ್ದು ಕೈಯ ಚುರುಕಿನಿಂದ. ಫ್ರೀಜರಿನಿಂದ ಐಸ್ ಪ್ಯಾಕ್ ಎಳೆದು, ಪೆಟ್ಟಿಗೆಯ ನಾಲ್ಕೂ ಬದಿಗೆ ನಿಲ್ಲಿಸಿ, ನಡುವೆ ಸೀಸೆ ಜೋಡಿಸಿ, ಮುಚ್ಚಳ ಒತ್ತಿದರೆ ನೋಡುವವರಿಗೆ ಏನಾಯಿತೆಂದೇ ತಿಳಿಯುತ್ತಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಕರೆತಂದು ಇವರು ಪೆಟ್ಟಿಗೆ ತುಂಬುವುದನ್ನು ತೋರಿಸುತ್ತಿದ್ದರು. "ಪ್ಯಾಕ್ ಮೇಲಿನ ಹಿಮ ಕರಗೋ ಮುಂಚೆ ಮುಚ್ಚಳ ಬೀಳಬೇಕು" ಎಂಬುದು ಇವರ ಉಪದೇಶ. ಮನೆಯಲ್ಲಿ ಒಂದು ಲೋಟ ನೀರು ಕೊಡಿ ಎಂದರೆ ಮಾತ್ರ ಆ ಚುರುಕು ಎಲ್ಲಿ ಅಡಗುತ್ತಿತ್ತೋ ನಾನು ಕಾಣೆ.

ನನ್ನ ಎಡಗಾಲಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಕನಿಕರ ಪಡುವವರು ಈಗಲೇ ಪಟ್ಟು ಮುಗಿಸಲಿ. ನಡೆಯಲು ಕಲಿತ ವರ್ಷವೇ ಪೋಲಿಯೊ ಬಂತು. ಕಾಲು ಸಣಕಲಾಗಿ ಉಳಿಯಿತು, ಕುಂಟುತ್ತೇನೆ, ಮನೆ ನಡೆಸುತ್ತೇನೆ, ಬಾಯಿ ಗಟ್ಟಿಯಿದೆ. ಹನಿ ಹಾಕಿಸಿರಲಿಲ್ಲವೇ ಎಂದರೆ, ಹಾಕಿಸಿದ್ದರು. ನನ್ನ ಅಮ್ಮ ಸಾಯುವವರೆಗೂ ಅದನ್ನೇ ಹೇಳಿದಳು. "ನಾನೇ ಕೈಯಾರೆ ನಿನ್ನ ಬಾಯಿ ಬಿಡಿಸಿ ಹಾಕಿಸಿದ್ದೆ ಕಣೇ. ಒಂದು ಸಲಾನೂ ತಪ್ಪಿಸಿರಲಿಲ್ಲ." ಹಾಕಿಸಿಯೂ ಯಾಕೆ ಬಂತು ಎಂದು ಅವಳಿಗೆ ಯಾರೂ ಹೇಳಲಿಲ್ಲ, ಅವಳು ತನ್ನ ಹಣೆಬರಹವನ್ನು ಬೈದುಕೊಂಡು ಸುಮ್ಮನಾದಳು.

ಮದುವೆಗೆ ಮುಂಚೆ ಇವರು ಒಮ್ಮೆ ಕೇಳಿದ್ದರು. ಆಗ ಉಗ್ರಾಣದಲ್ಲಿ ಹೊಸಬರು. "ನಿಮಗೆ ಚಿಕ್ಕವರಿದ್ದಾಗ ಹನಿ ಹಾಕಿಸಿರಲಿಲ್ವಾ?" ಅಂದರು. "ಹಾಕಿಸಿದ್ರು" ಅಂದೆ. ಇವರು ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಅಷ್ಟೇ. ಆಮೇಲೆ ಇಷ್ಟು ವರ್ಷ ನನ್ನ ಕಾಲಿನ ಬಗ್ಗೆ ತುಟಿ ಪಿಟಕ್ಕೆಂದವರಲ್ಲ. ಇಬ್ಬರೂ ಪೇಟೆಗೆ ಹೊರಟರೆ ದಾರಿಯುದ್ದಕ್ಕೂ ಪ್ರತಿ ಅಂಗಡಿಯ ಬೋರ್ಡಿನ ಮುಂದೆ ನಿಂತು ಓದುತ್ತಿದ್ದರು. ಚಪ್ಪಲಿ ಅಂಗಡಿ, ಹಲ್ಲಿನ ಡಾಕ್ಟರು, ಬೀಗದ ಕೈ ಮಾಡುವವರು, ಒಂದನ್ನೂ ಬಿಡುತ್ತಿರಲಿಲ್ಲ. ಈ ಮನುಷ್ಯನಿಗೆ ಓದುವ ಚಟ ಎಂದು ತಿಳಿದು ಒಂದು ಹುಟ್ಟುಹಬ್ಬಕ್ಕೆ ದಪ್ಪದ ಪುಸ್ತಕ ತಂದುಕೊಟ್ಟೆ. ಅದನ್ನು ಕಿಟಕಿ ಬಡಿಯದ ಹಾಗೆ ಒತ್ತುಕೊಟ್ಟು ಇಟ್ಟರು. ನಾನು ಬಂದು ಸೇರುವ ತನಕ ನಿಲ್ಲುವುದಕ್ಕೆ ಅದೊಂದು ನೆಪ ಎಂದು ಹೊಳೆಯುವಷ್ಟರಲ್ಲಿ ಮಗಳು ಶಾಲೆಗೆ ಹೋಗುತ್ತಿದ್ದಳು.

ನನ್ನ ಅತ್ತೆ ಮಾತ್ರ ಇವರ ಚಳಿಯ ಹುಚ್ಚಿಗೆ ನನ್ನನ್ನೇ ಹೊಣೆ ಮಾಡಿದ್ದರು. "ಮದುವೆಗೆ ಮುಂಚೆ ನನ್ನ ಮಗ ಸರಿಯಾಗೇ ಇದ್ದ. ಬೆಚ್ಚಗಿನ ಹಾಲು ಕುಡೀತಿದ್ದ. ನೀನು ಬಂದ ಮೇಲೇ ಹೀಗಾಗಿದ್ದು" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಅತ್ತೆಯ ಮಾತು ಅಂತ ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಹೀಗೆ ಹನಿ, ಐಸು, ಕಲ್ಲು ಮೊಸರು ಎಂದು ನೆಮ್ಮದಿಯಾಗಿದ್ದ ಸಂಸಾರಕ್ಕೆ ಸೂಜಿ ಬಂತು. ತಂದವಳು ಬೇರೆ ಯಾರೂ ಅಲ್ಲ, ನಮ್ಮ ಮಗಳು. ಅವಳು ಆಸ್ಪತ್ರೆಯಲ್ಲಿ ನರ್ಸು, ಪಕ್ಕದ ಬೀದಿಯಲ್ಲೇ ಮನೆ. ಪೋಲಿಯೊಗೆ ಹನಿಯನ್ನು ಮುಂದುವರಿಸಬೇಕೋ ಅಥವಾ ಸೂಜಿಯ ಲಸಿಕೆಗೆ ಬದಲಾಗಬೇಕೋ ಎಂದು ಸರ್ಕಾರ ಒಂದು ಸಮಿತಿ ಮಾಡಿದೆ ಎಂಬ ಸುದ್ದಿಯನ್ನು ಅವಳು ಒಂದು ಭಾನುವಾರ ಊಟಕ್ಕೆ ಬಂದಾಗ ಹೇಳಿದಳು. ಹೇಳಿ ಸುಮ್ಮನಿದ್ದರೆ ಆಗುತ್ತಿತ್ತು. "ಸೂಜಿನೇ ಸರಿ" ಎಂದೂ ಸೇರಿಸಿದಳು. ಇವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಅಪ್ಪ, ಹನೀಲಿ ಇರೋದು ಜೀವಂತ ರೋಗಾಣು. ಬಲ ಕುಂದಿಸಿರ್ತಾರೆ ಅಷ್ಟೇ" ಎಂದಳು ಮಗಳು. "ಲಕ್ಷಾಂತರ ಮಕ್ಕಳಲ್ಲಿ ಎಲ್ಲೋ ಒಂದಕ್ಕೆ ಅದೇ ತಿರುಗಿಬಿದ್ದು ಕಾಲು ಹೋಗತ್ತೆ. ಊರು ತುಂಬ ರೋಗ ಇದ್ದಾಗ ಅದು ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಈಗ ರೋಗ ಹೋಯ್ತು, ಹನಿಯಿಂದ ಬರೋದು ಮಾತ್ರ ಉಳೀತು. ಸೂಜೀಲಿ ಇರೋದು ಸತ್ತ ರೋಗಾಣು. ಅದು ಎದ್ದು ಬರಲ್ಲ."

"ಸತ್ತಿದ್ದು ಎದ್ದೂ ಬರಲ್ಲ, ಕೆಲಸಾನೂ ಮಾಡಲ್ಲ" ಎಂದರು ಇವರು. "ರೋಗ ಬರೋದು ಹೊಟ್ಟೆ ದಾರೀಲಿ. ಹನಿ ಅಲ್ಲೇ ಹೋಗಿ ಬಾಗಿಲಲ್ಲಿ ಕಾವಲು ಕೂರತ್ತೆ. ಒಂದು ಮಗೂಗೆ ಹಾಕಿದ್ರೆ ಪಕ್ಕದ ಮನೆ ಮಗೂಗೂ ಅಷ್ಟಿಷ್ಟು ತಲುಪತ್ತೆ. ನಿನ್ನ ಸೂಜಿ ಪಕ್ಕದ ಮನೆಗೆ ಹೋಗತ್ತಾ?"

"ಆ ಪಕ್ಕದ ಮನೆಗೆ ಹೋಗೋದೇ ಅಪಾಯ ಅಪ್ಪ. ಮನೆಯಿಂದ ಮನೆಗೆ ತಿರುಗ್ತಾ ತಿರುಗ್ತಾ ಅದು ಹಳೇ ಬುದ್ಧಿ ಕಲಿಯತ್ತೆ."

ಅಳಿಯ ಒಳ್ಳೆಯವನು. ತಟ್ಟೆಯಿಂದ ತಲೆ ಎತ್ತದೆ "ಇಬ್ಬರೂ ಹೇಳೋದು ಸರಿ" ಎಂದ. ಇಬ್ಬರೂ ಅವನ ಮೇಲೆ ಹರಿಹಾಯ್ದರು.

ಅಲ್ಲಿಂದ ಪ್ರತಿ ಭಾನುವಾರ ಇದೇ ರಾಮಾಯಣ. ಅತ್ತ ಸಮಿತಿಯಲ್ಲಿ ಹನಿಯ ಪರ ಇದ್ದ ಹಳೆಯ ಡಾಕ್ಟರುಗಳೂ ಸೂಜಿಯ ಪರ ಇದ್ದ ಹೊಸ ಡಾಕ್ಟರುಗಳೂ ಇದೇ ಮಾತನ್ನು ಇಂಗ್ಲಿಷಿನಲ್ಲಿ ಆಡುತ್ತಿದ್ದರಂತೆ, ಇತ್ತ ನಮ್ಮಲ್ಲಿ ಬೀನ್ಸ್ ತಣ್ಣಗಾಗುತ್ತಿತ್ತು. ಒಂದು ದಿನ ಮಗಳು ಆವೇಶದಲ್ಲಿ, "ಅಮ್ಮನಿಗೂ ಹನಿ ಹಾಕಿದ್ರಲ್ಲ. ಆ ಹನಿಯಿಂದಲೇ ಬಂದಿರಬಹುದು, ಯಾರಿಗೆ ಗೊತ್ತು" ಎಂದುಬಿಟ್ಟಳು. ಎಲ್ಲರೂ ನನ್ನ ಕಾಲಿನ ಕಡೆ ನೋಡಿದರು. ನನಗೆ ರೇಗಿತು. "ನನ್ನ ಕಾಲನ್ನ ತಟ್ಟೆಯಿಂದ ಕೆಳಗಿಟ್ಟು ಊಟ ಮಾಡಿ" ಎಂದೆ. ಮಗಳು ನಾಲಿಗೆ ಕಚ್ಚಿಕೊಂಡಳು. ಇವರು ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡರು. ವಾದದಲ್ಲಿ ಸೋತರು, ಅದಕ್ಕೇ ಎದ್ದರು ಎಂದು ನಾನು ತಿಳಿದೆ.

ಕೊನೆಗೆ ಸಮಿತಿ ಒಂದು ತೀರ್ಮಾನಕ್ಕೆ ಬಂತು. ಇಡೀ ದೇಶಕ್ಕೆ ಈಗಲೇ ಬೇಡ, ಮೊದಲು ಒಂದು ಜಿಲ್ಲೆಯಲ್ಲಿ ನೋಡೋಣ ಎಂದರು. ಆ ಒಂದು ಜಿಲ್ಲೆ ನಮ್ಮದಾಯಿತು. ಇನ್ನು ಇಲ್ಲಿ ಹುಟ್ಟುವ ಮಕ್ಕಳಿಗೆ ಹನಿ ಬಂದ್, ಸೂಜಿ ಮಾತ್ರ. ಜಿಲ್ಲೆಯ ಆರೋಗ್ಯಾಧಿಕಾರಿ ದೊಡ್ಡ ಡಾಕ್ಟರಮ್ಮ ಇದಕ್ಕೆ ಹಗಲಿರುಳು ಓಡಾಡಿದ್ದರು. ಅವರು ಉಗ್ರಾಣದ ಸಭೆ ಕರೆದು, "ಹೊಸ ಲಸಿಕೆ ಇಡೋದಕ್ಕೆ ಜಾಗ ಎಷ್ಟಿದೆ?" ಎಂದು ಇವರನ್ನು ಕೇಳಿದರಂತೆ. ಇವರು ಜಾಗದ ವಿಷಯ ಬಿಟ್ಟು ಹನಿಯ ಗುಣಗಾನ ಶುರುಮಾಡಿದರಂತೆ. ಡಾಕ್ಟರಮ್ಮ ಗಡಿಯಾರ ನೋಡಿದರೂ ನಿಲ್ಲಿಸಲಿಲ್ಲವಂತೆ. ಅಂದಿನಿಂದ ಫ್ರೀಜರಣ್ಣ ಸೂಜಿಯ ವೈರಿ ಎಂದು ಆಫೀಸಿಗೆಲ್ಲ ಗೊತ್ತಾಯಿತು.

ಆ ಸಂಜೆ ಮನೆಗೆ ಬಂದವರ ಮುಖ ಕಳೆಗುಂದಿತ್ತು. ಸ್ವೆಟರ್ ಕೂಡ ಬಿಚ್ಚದೆ ಕೂತರು.

"ಇವಳೇ, ಇಲ್ಲಿ ಕೇಳು. ಸೂಜಿ ಲಸಿಕೆಯನ್ನ ಫ್ರೀಜರಲ್ಲಿ ಇಡಬಾರದಂತೆ. ಫ್ರಿಜ್ಜಲ್ಲಿ ಹದವಾಗಿ ಇಡಬೇಕಂತೆ. ಒಂದೇ ಒಂದು ಸಲ ಹೆಪ್ಪುಗಟ್ಟಿದ್ರೂ ಕೆಟ್ಟುಹೋಗತ್ತಂತೆ."

"ಅದಕ್ಕೇನೀಗ?"

"ಅದಕ್ಕೇನು ಅಂದ್ರೆ? ಬದುಕಿರೋದು ಐಸಲ್ಲಿ ಆರಾಮಾಗಿ ಮಲಗತ್ತೆ. ಸತ್ತಿದ್ದಕ್ಕೆ ಚಳಿ ತಡೆಯಲ್ವಂತೆ. ಎಲ್ಲಾದ್ರೂ ಕೇಳಿದೀಯಾ ಇಂಥದ್ದು?"

ನಾನು ಕೇಳಿರಲಿಲ್ಲ. ನಗು ಬಂತು, ಸೆರಗಲ್ಲಿ ಮುಚ್ಚಿಕೊಂಡೆ. ಆದರೆ ಇವರ ನಿಜವಾದ ದುಃಖ ಬೇರೆಯಿತ್ತು. ಹೊಸ ಲಸಿಕೆಗೆ ಪೆಟ್ಟಿಗೆ ತುಂಬುವ ರೀತಿಯೇ ಬೇರೆ. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ಹಾಗೇ ಹಾಕುವಂತಿಲ್ಲ. ಮೇಜಿನ ಮೇಲೆ ಹರಡಿ ಕಾಯಬೇಕು. ಹಿಮವೆಲ್ಲ ಹೋಗಿ ಪ್ಯಾಕ್ ಬೆವರಬೇಕು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವ ಸದ್ದು ಕೇಳಬೇಕು. ಆಮೇಲಷ್ಟೇ ಪೆಟ್ಟಿಗೆಗೆ. ಇಲ್ಲದಿದ್ದರೆ ಪಕ್ಕದಲ್ಲಿರುವ ಸೀಸೆ ಹೆಪ್ಪುಗಟ್ಟಿ, ಲಸಿಕೆ ಬರೀ ನೀರಾಗುತ್ತದೆ. ಅದೂ ಒಂದು ಸಲ ಕರಗಿದ ಮೇಲೆ ನೋಡಿದರೆ ಏನೂ ತಿಳಿಯುವುದಿಲ್ಲ. ಹನಿಯ ಸೀಸೆಯ ಮೇಲಾದರೂ ಬಿಸಿ ತಾಗಿದರೆ ಕಪ್ಪಾಗುವ ಗುರುತಿದೆ. ಚಳಿಗೆ ಕೆಟ್ಟ ಸೂಜಿ ಲಸಿಕೆ ಕೆಡದಿದ್ದುದರ ಹಾಗೇ ತಿಳಿಯಾಗಿ ಇರುತ್ತದೆ.

"ನನಗೆ, ನನಗೆ ಹೇಳ್ತಾರೆ, ಐಸ್ ಕರಗೋ ತನಕ ಕಾಯಿ ಅಂತ" ಎಂದರು.

ಪಾಪ, ಕಲಿಯಲು ಪ್ರಯತ್ನ ಪಡದೆ ಇರಲಿಲ್ಲ. ಮನೆಗೆ ಒಂದು ಐಸ್ ಪ್ಯಾಕ್ ತಂದು ಅಭ್ಯಾಸ ಶುರುಮಾಡಿದರು. ಊಟದ ಮೇಜಿನ ಮೇಲೆ ಅದನ್ನು ಮಲಗಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು ಕೂರುವರು. ಎದ್ದು ಅಲ್ಲಾಡಿಸುವರು. ನನ್ನ ಕಿವಿಗೆ ಹಿಡಿಯುವರು. "ಕೇಳಿಸ್ತಾ?" "ಇಲ್ಲ." ಮತ್ತೆ ಕೂರುವರು. ತರಕಾರಿ ಹೆಚ್ಚುತ್ತಿದ್ದರೂ ಸರಿ, ತಲೆ ಬಾಚುತ್ತಿದ್ದರೂ ಸರಿ, ಇದ್ದಕ್ಕಿದ್ದಂತೆ ಕಿವಿಗೆ ತಣ್ಣಗೆ ತಾಗಿದರೆ ಇವರೇ. ಪಕ್ಕದ ಮನೆಯಾಕೆ ಬಾಗಿಲಲ್ಲಿ ಇಣುಕಿ, "ನಿಮ್ಮ ಯಜಮಾನ್ರಿಗೆ ಕಿವಿ ನೋವಾ?" ಎಂದು ಕೇಳಿ ಎಣ್ಣೆ ಬಿಸಿ ಮಾಡಿಕೊಂಡು ತಂದಳು. ಕಾಯುವುದು ಇವರಿಗೆ ಒಗ್ಗಲಿಲ್ಲ. ಆದರೂ ನಿಯಮ ನಿಯಮವೇ ಎಂದು ಕಾದು ಕಲಿತರು.

ಸೂಜಿಯನ್ನು ಶುರುಮಾಡುವ ದಿನ ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ ಹಾಕಿ ಕಾರ್ಯಕ್ರಮ. ಊರಿನ ತಾಯಂದಿರಿಗೆ ಸೂಜಿ ಎಂದರೆ ಅಂಜಿಕೆ. "ಮೊದಲು ನಿಮ್ಮ ಮಗೂಗೆ ಹಾಕಿ, ಆಮೇಲೆ ನಮ್ಮದಕ್ಕೆ" ಎಂದು ಮಗಳಿಗೆ ನೇರವಾಗಿ ಹೇಳಿದ್ದರು. ಅವಳೂ ಹಟಮಾರಿ, ಅಪ್ಪನ ಮಗಳು. ಆಗಲಿ ಎಂದಳು. ಹಾಗಾಗಿ ಮೊದಲ ಸೂಜಿ ನಮ್ಮ ಮೊಮ್ಮಗಳಿಗೆ, ಹಾಕುವವಳು ಅವಳ ಅಮ್ಮ, ತೊಡೆಯ ಮೇಲೆ ಕೂರಿಸಿಕೊಳ್ಳುವವಳು ನಾನು. ಪೆಟ್ಟಿಗೆ ತುಂಬಿ ತರುವವರು ಇವರು. ಅಳಿಯನಿಗೆ ಫೋಟೋ ತೆಗೆಯುವ ಕೆಲಸ ಕೊಟ್ಟೆವು, ಅದರಲ್ಲಿ ಎರಡು ಪಕ್ಷ ಇಲ್ಲ.

ಬೆಳಿಗ್ಗೆ ಬೇಗನೆ ಇವರು ಪೆಟ್ಟಿಗೆ ತುಂಬಿದರು. ಮುಖ್ಯ ಅತಿಥಿ ಎಲ್ಲೋ ಸಿಕ್ಕಿಹಾಕಿಕೊಂಡು ಬಹಳ ತಡವಾಗಿ ಬಂದರು. ಬಂದವರು ತಡವಾಯಿತೆಂದು ಮಾತು ಮೊಟಕು ಮಾಡಲಿಲ್ಲ. ಆರೋಗ್ಯವೆಂದರೇನು ಎಂಬಲ್ಲಿಂದ ಹಿಡಿದರು. ಪೆಟ್ಟಿಗೆ ವೇದಿಕೆಯ ಅಂಚಿನ ಮೇಜಿನ ಮೇಲೆ, ಬಿಸಿಲು ಬೀಳುವಲ್ಲಿ ಕೂತಿತ್ತು. ಮುಂದಿನ ಸಾಲುಗಳಲ್ಲಿ ಕೂಸುಗಳು ಒಂದಾದ ಮೇಲೊಂದು ಅಳಲು ಶುರುಮಾಡಿದವು. ನನ್ನ ಮೊಮ್ಮಗಳು ಮಾತ್ರ ನನ್ನ ಹೆಬ್ಬೆರಳು ಚೀಪುತ್ತಾ ಅತಿಥಿಯ ಭಾಷಣವನ್ನು ಮನಸಿಟ್ಟು ಕೇಳಿತು.

ಕಡೆಗೂ ಚಪ್ಪಾಳೆ ಬಿತ್ತು. ದೊಡ್ಡ ಡಾಕ್ಟರಮ್ಮ ಮೈಕ್ ಹಿಡಿದು ಹನಿಯ ಕಾಲ ಮುಗಿಯಿತು, ಇಂದಿನಿಂದ ಹೊಸ ಕಾಲ ಎಂದರು. ಇವರು ಪೆಟ್ಟಿಗೆಯನ್ನು ತಂದು ಮುಚ್ಚಳ ತೆಗೆದರು. ಮಗಳು ಒಳಗಿಂದ ಸೀಸೆ ಎತ್ತಲು ಒಂದು ಐಸ್ ಪ್ಯಾಕನ್ನು ಸರಿಸಿದಳು. ಪ್ಯಾಕ್ ಬೆವರಿತ್ತು. ಒಳಗೆ ನೀರು ಕುಲುಕಿದ ಸದ್ದು ನನಗೂ ಕೇಳಿಸಿತು. ನಿಯಮದ ಪ್ರಕಾರ ಹೇಗಿರಬೇಕೋ ಹಾಗೇ ಇತ್ತು.

ಆದರೆ ಆ ಸದ್ದು ಕೇಳಿದ್ದೇ ಇವರು ಮುಚ್ಚಳವನ್ನು ಕೆಳಗಿಟ್ಟರು. ತಮ್ಮ ಬಲಗೈಯ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಅಲ್ಲಿ ಚರ್ಮ ಬೆಳ್ಳಗೆ ಸುಲಿದಿತ್ತು. ಫ್ರೀಜರಿನಿಂದ ಆಗಷ್ಟೇ ತೆಗೆದ, ಇನ್ನೂ ಬೆವರದ ಒಣ ಐಸಿಗೆ ಕೈ ಅಂಟಿಕೊಂಡಾಗ ಹಾಗಾಗುತ್ತದೆ. ಬೆವರಿದ ಐಸು ಕೈಗೆ ಅಂಟುವುದಿಲ್ಲ. ಇಷ್ಟು ವರ್ಷ ಇವರ ಕೈಗೆ ಮುಲಾಮು ಹಚ್ಚಿದವಳಿಗೆ ಅಷ್ಟು ಗೊತ್ತಾಗದೆ ಇರುತ್ತದೆಯೇ.

ನಡೆದದ್ದು ಆಮೇಲೆ ತಿಳಿಯಿತು. ಬೆಳಿಗ್ಗೆ ಪೇಪರಿನ ಫೋಟೋದವನು ಉಗ್ರಾಣಕ್ಕೆ ಬಂದಿದ್ದ. "ಅಣ್ಣ, ನಿಮ್ಮ ಕೈ ಸ್ಪೀಡು ಬಹಳ ಕೇಳಿದೀನಿ, ಒಂದು ಸಲ ತೋರಿಸಿ" ಎಂದ. ಪ್ಯಾಕುಗಳನ್ನು ಆಗಷ್ಟೇ ತೆಗೆಯಬೇಕಿತ್ತು. ಇಷ್ಟು ದಿನ ಕಾದು ಕಾದು ಕೈ ತುರಿಸುತ್ತಿದ್ದ ಈ ಮಹಾಶಯರು ಉಬ್ಬಿಹೋಗಿ, ಎಳೆದು, ಜೋಡಿಸಿ, ಸೀಸೆ ಇಟ್ಟು, ಮುಚ್ಚಳ ಒತ್ತಿಯೇಬಿಟ್ಟರು. ಫೋಟೋ ಚೆನ್ನಾಗಿ ಬಂತಂತೆ. ಅಷ್ಟರಲ್ಲಿ ಅಂಗಳದಿಂದ ಕರೆ ಬಂತು, ಪೆಟ್ಟಿಗೆ ಹೊರಟಿತು. ಕಾಯಲಿಲ್ಲವೆಂದು ಇವರಿಗೆ ಹೊಳೆದದ್ದು ವೇದಿಕೆಯ ಮೇಲೆ ಆ ನೀರಿನ ಸದ್ದು ಕೇಳಿದಾಗಲೇ.

ಮಗಳು ಸಿರಿಂಜಿಗೆ ಲಸಿಕೆ ಎಳೆದುಕೊಂಡಳು. ಬಗ್ಗಿದಳು. ಇವರು ನಡುವೆ ನುಗ್ಗಿ ಮಗುವಿನ ತೊಡೆಯ ಮೇಲೆ ತಮ್ಮ ಕೈ ಮುಚ್ಚಿ ಹಿಡಿದರು. ಅಷ್ಟು ಹೊತ್ತು ಸದ್ದಿಲ್ಲದೆ ಕೂತಿದ್ದ ಕೂಸು ತಾತನ ತಣ್ಣನೆಯ ಅಂಗೈ ತಾಗಿದ್ದೇ ತಾರಕಕ್ಕೇರಿತು.

"ಬೇಡ. ಇದನ್ನ ಹಾಕಬೇಡ" ಎಂದರು.

ಡಾಕ್ಟರಮ್ಮ ಮುಗುಳ್ನಗೆ ಕೆಡದ ಹಾಗೆ ಹತ್ತಿರ ಬಂದರು. "ಏನ್ರೀ ಇದು?"

"ಇದು ಹೆಪ್ಪುಗಟ್ಟಿದೆ ಮೇಡಂ. ಬೆಳಿಗ್ಗೆ ನಾನು ಕಾಯಲಿಲ್ಲ. ಒಣ ಐಸನ್ನೇ ಹಾಕಿಬಿಟ್ಟೆ."

ಡಾಕ್ಟರಮ್ಮ ಪ್ಯಾಕ್ ಎತ್ತಿ ನೋಡಿದರು. "ಬೆವರಿದೆಯಲ್ಲ. ನೀರಿನ ಸದ್ದು ಬರ್ತಿದೆ. ಥರ್ಮಾಮೀಟರೂ ಸರಿಯಾಗೇ ತೋರಿಸ್ತಿದೆ."

"ಈಗ ಬೆವರಿದೆ ಮೇಡಂ. ಒಳಗೆ ಹಾಕೋ ಮುಂಚೆ ಬೆವರಬೇಕಿತ್ತು. ಥರ್ಮಾಮೀಟರಿಗೆ ಈಗಿನದ್ದು ಮಾತ್ರ ಗೊತ್ತು. ಬೆಳಗಿನದ್ದು ನನಗೊಬ್ಬನಿಗೇ ಗೊತ್ತು."

ಮಗಳು ಸೀಸೆಯನ್ನು ಬೆಳಕಿಗೆ ಹಿಡಿದಳು. ತಿಳಿನೀರು. ಡಾಕ್ಟರಮ್ಮನ ಮುಗುಳ್ನಗೆ ಈಗ ಹೋಗಿತ್ತು. ಮುಂದೆ ತಾಯಂದಿರು, ಪಕ್ಕದಲ್ಲಿ ಅತಿಥಿ, ಕೆಳಗೆ ಪೇಪರಿನವರು. ನನಗೂ ಅವರ ಕಷ್ಟ ಅರ್ಥವಾಯಿತು. ಆದರೆ ನನ್ನ ತೊಡೆಯ ಮೇಲೆ ನನ್ನ ಮೊಮ್ಮಗಳು ಇದ್ದಳು. ಹನಿ ನಿಂತಾಗಿತ್ತು. ಸೂಜಿಯಲ್ಲಿರುವುದು ಬರೀ ನೀರಾದರೆ, ಈ ಮಗುವಿಗೂ ಮುಂದೆ ಕೂತ ಅಷ್ಟೂ ಕೂಸುಗಳಿಗೂ ಅದೂ ಇಲ್ಲ, ಇದೂ ಇಲ್ಲ. ಎಲ್ಲರೂ ಲಸಿಕೆ ಆಯಿತೆಂದು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ, ನನ್ನ ಅಮ್ಮ ಹೋದ ಹಾಗೆ.

ಡಾಕ್ಟರಮ್ಮ ದನಿ ತಗ್ಗಿಸಿದರು. "ಮೊದಲಿಂದಲೂ ನೀವು ಹನಿ ಕಡೆಯವರು. ನನ್ನ ಕಾರ್ಯಕ್ರಮ ಕೆಡಿಸೋಕೆ ಬೇಕಂತಲೇ ಮಾಡಿದ್ರಾ?"

ದನಿ ತಗ್ಗಿಸಿದ್ದೇನೋ ಸರಿ, ಮೈಕನ್ನು ಕೆಳಗಿಡಲು ಮರೆತಿದ್ದರು. ಮಾತು ಶಾಮಿಯಾನದ ಎಲ್ಲ ಮೂಲೆಗೂ ಕೇಳಿಸಿತು.

ಇವರು ತಲೆ ತಗ್ಗಿಸಲಿಲ್ಲ. "ಬೇಕಂತ ಮಾಡಿದ್ರೆ ಸುಮ್ಮನಿರ್ತಿದ್ದೆ ಮೇಡಂ" ಎಂದರು. "ಈ ನೀರನ್ನೇ ಎಲ್ಲ ಮಕ್ಕಳಿಗೂ ಹಾಕಿಸಿಬಿಡ್ತಿದ್ದೆ. ನಾಳೆ ಇವರ ರಕ್ತ ಪರೀಕ್ಷೆ ಮಾಡಿದಾಗ ಸೂಜಿ ಕೆಲಸಕ್ಕೆ ಬರಲಿಲ್ಲ ಅಂತ ನಿಮ್ಮ ಸಮಿತಿನೇ ಬರೀತಿತ್ತು. ಹನಿ ಗೆಲ್ತಿತ್ತು."

ಕೆಳಗೆ ಯಾರೋ ಗೊಣಗಿದರು, "ಈಗ ನಾಟಕ ಆಡ್ತಿದಾನೆ" ಎಂದು. ನನಗೆ ತಡೆಯಲಾಗಲಿಲ್ಲ. ಮಗುವನ್ನು ಮಗಳ ಕೈಗಿತ್ತು, ಎದ್ದು, ಎಲ್ಲರೂ ನೋಡುವ ಹಾಗೆ ಕುಂಟುತ್ತಾ ಹೋಗಿ ಡಾಕ್ಟರಮ್ಮನ ಕೈಯಿಂದ ಮೈಕ್ ತೆಗೆದುಕೊಂಡೆ.

"ನಾನು ಇವರ ಹೆಂಡತಿ" ಎಂದೆ. "ಈ ಮನುಷ್ಯನಿಗೆ ನಾಟಕ ಬರಲ್ಲ. ಮನೇಲಿ ಮೊಸರನ್ನ ಚಾಕು ಹಾಕಿ ಕುಯ್ದು ಬಡಿಸ್ತೀನಿ. ಬದನೆಕಾಯಿ ಕೆಳಗೆ ಬಿದ್ರೆ ಟಣ್ ಅನ್ನತ್ತೆ. ಅದೂ ಬೇಕಂತ ಮಾಡೋದಲ್ಲ, ಇವರ ಕೈ ಬುದ್ಧಿನೇ ಅಷ್ಟು. ಯಾರೋ ಹೊಗಳಿದ್ರು, ಉಬ್ಬಿ ತಪ್ಪು ಮಾಡಿದ್ರು. ಮಾಡಿದ್ದನ್ನ ಒಪ್ಕೊಂಡಿದಾರೆ. ಬೇರೆ ಲಸಿಕೆ ತರೋ ತನಕ ಕೂತಿರಿ. ಎಲ್ಲಿಗೆ ಹೋಗಬೇಕು ಅಷ್ಟು ಅವಸರ? ಇಷ್ಟು ಹೊತ್ತು ಭಾಷಣಕ್ಕೆ ಕೂತಿದ್ರಲ್ಲ."

ಮೊದಲು ತಾಯಂದಿರು ನಕ್ಕರು. ಆಮೇಲೆ ಪೇಪರಿನವರು. ಅತಿಥಿಗಳು ಭಾಷಣದ ಮಾತು ತಮಗಲ್ಲವೆಂಬಂತೆ ಎಲ್ಲರಿಗಿಂತ ಜೋರಾಗಿ ನಕ್ಕರು. ಡಾಕ್ಟರಮ್ಮ ಒಂದು ಕ್ಷಣ ನನ್ನ ಕಾಲನ್ನು ನೋಡಿ, ಇವರ ಅಂಗೈಯನ್ನು ನೋಡಿ, ಸಿರಿಂಜನ್ನು ಮಗಳ ಕೈಯಿಂದ ತೆಗೆದುಕೊಂಡು ಕಸದ ಡಬ್ಬಿಗೆ ಹಾಕಿದರು. "ಹೊಸ ಸೀಸೆ ತನ್ನಿ. ಹೊಸ ಐಸ್ ತನ್ನಿ. ಇಲ್ಲೇ, ನನ್ನ ಕಣ್ಣೆದುರಿಗೆ ತುಂಬಿ" ಎಂದರು.

ಉಗ್ರಾಣ ಅಂಗಳದ ಆಚೆಗೇ ಇತ್ತು. ಇವರು ಐಸ್ ಪ್ಯಾಕುಗಳನ್ನು ತಂದು ಸನ್ಮಾನದ ಮೇಜಿನ ಮೇಲೆ ಸಾಲಾಗಿ ಮಲಗಿಸಿದರು. ಆಮೇಲೆ ಇಡೀ ಸಭೆ ಐಸು ಬೆವರುವುದನ್ನು ಕಾಯುತ್ತಾ ಕೂತಿತು. ಡಾಕ್ಟರಮ್ಮ ಸ್ವಲ್ಪ ಹೊತ್ತಿಗೇ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, "ಕೇಳಿಸ್ತಿದೆ" ಎಂದರು. ಇವರೂ ಕಿವಿಗೆ ಹಿಡಿದು, "ಇಲ್ಲ ಮೇಡಂ. ಅದು ನಿಮ್ಮ ಬಳೆ" ಎಂದರು. ಅತಿಥಿಗಳಿಗೂ ಉಮೇದು ಬಂತು. ಅವರೊಂದು ಹಿಡಿದು ಅಲ್ಲಾಡಿಸಿದರು. ತಾಯಂದಿರಲ್ಲಿ ಇಬ್ಬರು ಮೆಟ್ಟಿಲು ಹತ್ತಿ ಬಂದು ತಾವೂ ನೋಡಿದರು. ದೂರದಿಂದ ನೋಡಿದವರಿಗೆ ಎಲ್ಲರಿಗೂ ಒಟ್ಟಿಗೇ ಫೋನ್ ಬಂದಿದೆ ಎನಿಸಿರಬೇಕು. ಇವರು ಮಾತ್ರ ಜಪ್ಪಯ್ಯ ಎನ್ನಲಿಲ್ಲ. "ಇಲ್ಲ, ಇನ್ನೂ ಆಗಿಲ್ಲ" ಎನ್ನುತ್ತಾ ಪ್ರತಿಯೊಂದನ್ನೂ ವಾಪಸು ಮಲಗಿಸಿದರು.

ಆಮೇಲೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಹಣೆ ಒದ್ದೆಯಾಗಿತ್ತು. ಇವರು ಬೆವರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ರೀ, ನಿಮ್ಮ ಮಾನ ಹರಾಜಾಯ್ತು" ಎಂದೆ. "ಆಮೇಲೆ ಮೆಲ್ಲಗೆ ಡಾಕ್ಟರಮ್ಮನ ಕಿವೀಲಿ ಹೇಳಿ, ಮಕ್ಕಳನ್ನ ಇನ್ನೊಂದು ದಿನ ಕರೆಸಬಹುದಿತ್ತು."

"ಆಮೇಲೆ ಅಂದ್ರೆ ಯಾವಾಗ? ಆಮೇಲೆ ಅನ್ನೋದು ಬರಲ್ಲ" ಎಂದರು. ಪ್ಯಾಕುಗಳ ಕಡೆಗೇ ನೋಡುತ್ತಾ ಮುಂದುವರಿಸಿದರು. "ನಿನಗೂ ಹಾಕಿಸಿದ್ರು ಅಲ್ವಾ ಇವಳೇ. ನಿಮ್ಮಮ್ಮ ಒಂದು ಸಲಾನೂ ತಪ್ಪಿಸಿರಲಿಲ್ಲ. ಮಗಳು ಅನ್ನೋ ಹಾಗೆ ಹನಿಯಿಂದಲೇ ಬಂತೋ ಏನೋ, ಇರಬಹುದು. ನನಗೆ ಹಾಗನ್ನಿಸಲ್ಲ. ಆ ಕಾಲದಲ್ಲಿ ಸೀಸೆ ಮೇಲೆ ಗುರುತೂ ಇರಲಿಲ್ಲ. ಯಾರೋ ನನ್ನಂಥವನು ಪೆಟ್ಟಿಗೆ ಮುಚ್ಚಳ ತೆಗೆದು ನೋಡಿರ್ತಾನೆ. ಐಸೆಲ್ಲ ನೀರಾಗಿರತ್ತೆ, ಸೀಸೆ ಬೆಚ್ಚಗಾಗಿರತ್ತೆ. ಜನ ಸಾಲು ನಿಂತಿದಾರೆ, ಈಗ ಹೇಗೆ ಹೇಳೋದು ಅಂತ ಸುಮ್ಮನಿದ್ದುಬಿಟ್ಟಿರ್ತಾನೆ. ನೀನು ಹಾಕಿಸಿದ್ರು ಅಂದ ದಿನದಿಂದ ಅವನೇ ಕಣ್ಣೆದುರಿಗೆ ಬರ್ತಾನೆ."

ಅತ್ತೆ ಹೇಳಿದ್ದು ನೆನಪಾಯಿತು, ನೀನು ಬಂದ ಮೇಲೇ ಹೀಗಾಗಿದ್ದು ಎಂದು. ಅವರು ಸತ್ಯವನ್ನೇ ಹೇಳಿದ್ದರು. ಇವರ ಅಂಗೈ ಹಿಡಿದುಕೊಂಡೆ. ಸುಲಿದ ಜಾಗ ಉರಿದಿರಬೇಕು, ಆದರೂ ಎಳೆದುಕೊಳ್ಳಲಿಲ್ಲ.

ಕಡೆಗೆ ಐಸು ಬೆವರಿತು. ಇವರು ಪ್ರತಿ ಪ್ಯಾಕನ್ನೂ ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಕೇಳಿ, ಒಂದೊಂದಾಗಿ ಪೆಟ್ಟಿಗೆಗೆ ಇಳಿಸಿದರು. ಇಷ್ಟು ನಿಧಾನವಾಗಿ ಇವರು ಏನನ್ನೂ ಮಾಡಿದ್ದು ನಾನು ಕಂಡಿರಲಿಲ್ಲ. ಮಗಳು ಸೂಜಿ ಚುಚ್ಚಿದಳು. ಮೊಮ್ಮಗಳು ಒಮ್ಮೆ ಕಿರುಚಿ, ಮತ್ತೆ ನನ್ನ ಹೆಬ್ಬೆರಳು ಹುಡುಕಿತು. ಅಳಿಯ ಅವಸರದಲ್ಲಿ ತನ್ನ ಬೆರಳಿನದೇ ಫೋಟೋ ತೆಗೆದ. ತಾಯಂದಿರು ಎದ್ದು ಸಾಲು ನಿಂತರು.

ಮನೆಗೆ ಬರುವಾಗ ಇವರು ಮಾಮೂಲಿನಂತೆ ಚಪ್ಪಲಿ ಅಂಗಡಿಯ ಬೋರ್ಡ್ ಓದುತ್ತಾ ನಿಂತರು. ನಾನು ಹೋಗಿ ಸೇರಿಕೊಂಡೆ. ಹನಿಯೋ ಸೂಜಿಯೋ ಎಂದು ಸಮಿತಿ ಇನ್ನೂ ಚರ್ಚೆ ಮಾಡುತ್ತಲೇ ಇದೆ. ನಮ್ಮಲ್ಲೂ ಭಾನುವಾರದ ಚರ್ಚೆ ನಿಂತಿಲ್ಲ, ಇವರು ಈಗಲೂ ಹನಿಯ ಕಡೆಯೇ.

ಅಂದು ರಾತ್ರಿ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದೆ. ಗುಂಡಿ ನಡುವಿನ ಗೆರೆಯ ಮೇಲಿತ್ತು. ಪಶ್ಚಾತ್ತಾಪದಲ್ಲಿ ಇವರೇ ಬಂದು ಇಳಿಸಿಟ್ಟಿದ್ದರು. ಇಷ್ಟು ವರ್ಷ ನಾನು ಜಗಳವಾಡಿ ಕೇಳಿದ್ದು ಅದನ್ನೇ. ನಾನು ಗುಂಡಿಯನ್ನು ಕೊನೆಯ ಗೆರೆಗೆ ತಿರುಗಿಸಿ, ಬಾಗಿಲು ಮುಚ್ಚಿ, ಚಾಕು ಹುಡುಕಿದೆ.